ಉಪ್ಪಿನ ಚಕ್ರಬಡ್ಡಿ

ಹೈಕಲ್‌ನ ಗ್ರಹಚಾರ ಕೆಟ್ಟಿದ್ದು ಒಂದು ಹಿಡಿ ಉಪ್ಪಿನಿಂದ.

ಶಾ ಆಲಂ ನಗರದಲ್ಲಿ ಬಡ್ಡಿ ಮುಟ್ಟದ ಬ್ಯಾಂಕೊಂದರ ಗುಮಾಸ್ತ ಅವನು. ರಂಜಾನಿನಲ್ಲಿ ಸಿಬ್ಬಂದಿಯೆಲ್ಲ ಸೇರಿ ಬುಬುರ್ ಲಂಬೂಕ್ ಗಂಜಿ ಬೇಯಿಸಿ ಬೀದಿಗೆ ಹಂಚುವುದು ಬ್ಯಾಂಕಿನ ಸಮಾಜಸೇವೆ. ಈ ಸಲ ಮ್ಯಾನೇಜರ್ ನೋರ್ಲೈಲಾ ಅವನ ಕೈಗೆ ಸೌಟು ಕೊಟ್ಟು, "ಗಂಜಿ ಚೆನ್ನಾಗಿ ಬಂದ್ರೆ ಹಬ್ಬದ ರಜೆ ನಿಂಗೇ," ಅಂದಿದ್ದರು. ಹಬ್ಬದ ದಿನ ತನ್ನೂರ ಕಡೆ, ಕೆಲಾಂತಾನಿನಲ್ಲಿ, ಅಮ್ಮನ ಕೈಯೂಟ ಉಂಡು ಅವನಿಗೆ ಎರಡು ವರ್ಷವಾಗಿತ್ತು.

ಗಂಜಿಯ ದಿನ ಹೈಕಲ್ ಉಪ್ಪು ಹಾಕಿ, ಮಧ್ಯಾಹ್ನದ ನಮಾಜು ಮುಗಿಸಿ ಬಂದರೆ, ಹಂಡೆಯ ಪಕ್ಕ ಕೌಂಟರಿನ ರೋಹಾನಾ ಅಕ್ಕ ಕೈ ಒರೆಸಿಕೊಳ್ಳುತ್ತಿದ್ದಳು.

"ನೀನು ಮರ್ತಿರ್ತೀಯ ಅಂತ ನಾನೇ ಉಪ್ಪು ಹಾಕ್ದೆ ಕಣೋ."

"ಅಯ್ಯೋ ಅಕ್ಕಾ, ನಾನೂ ಹಾಕಿದ್ದೆ!"

"ನಾನೂ ಹಾಕಿದ್ನಲ್ಲಪ್ಪ," ಎಂದ ಕಾವಲುಗಾರ ಮುಸ್ತಾಫ. ಸಾಲ ವಿಭಾಗದ ಇಸ್ಕಂದರ್ ಖಾಲಿ ಉಪ್ಪಿನ ಪೊಟ್ಟಣವನ್ನು ಮೆಲ್ಲನೆ ಬೆನ್ನ ಹಿಂದೆ ಅಡಗಿಸಿದ.

ಬಡ್ಡಿ ಮುಟ್ಟದ ಬ್ಯಾಂಕಿನಲ್ಲಿ ಉಪ್ಪಿಗೆ ಚಕ್ರಬಡ್ಡಿ ಬೆಳೆದಿತ್ತು. ಅಲ್ಲಿದ್ದವರಿಗೆಲ್ಲ ಉಪವಾಸ, ರುಚಿ ನೋಡುವವರು ಯಾರು?

"ಮೇಡಂ, ನಾಲಿಗೆ ತುದಿಗೆ ತಾಗಿಸಿ ಉಗಿದ್ರೆ ಆಗಲ್ವಾ?" ಹೈಕಲ್ ಅಂಗಲಾಚಿದ.

"ಮನೆ ಗಂಜಿಗಾದ್ರೆ ಸರಿ. ಇದು ಬ್ಯಾಂಕಿನ ಗಂಜಿ! ಶರಿಯಾ ಸಮಿತಿಗೆ ಬರ್ದಿದ್ದೀನಿ, ಬುಧವಾರ ಉತ್ತರ ಬರುತ್ತೆ."

ಒಲೆ ಬುಧವಾರದವರೆಗೆ ಕಾಯುವಂತಿರಲಿಲ್ಲ. ಶಾಖೆಯಲ್ಲಿ ಉಪವಾಸವಿಲ್ಲದವಳು ಚೀನೀ ಮೂಲದ ಸ್ಯೂ ಲಿಂಗ್ ಒಬ್ಬಳೇ. ಹೈಕಲ್ ಅವಳನ್ನು ಎಳೆದುತಂದ. ಒಂದು ಚಮಚ ಬಾಯಿಗಿಟ್ಟವಳ ಕಣ್ಣಲ್ಲಿ ನೀರು ಬಂತು.

"ಏನೋ ಇದು, ಸಮುದ್ರ ಕುದಿಸಿದ್ದೀಯಾ?"

ಹೈಕಲ್ ನೀರು ಸುರಿದ, ಅಕ್ಕಿ ಸುರಿದ, ತೆಂಗಿನಹಾಲು ಸುರಿದ. ಗಂಜಿ ಉಕ್ಕಿತು. ಮಸೀದಿಯ ಹಂಡೆ ತಂದರು, ಅದೂ ತುಂಬಿತು. ಯಾರದೋ ಮದುವೆಮನೆಯ ಹಂಡೆ ಬಂತು. ಸ್ಯೂ ಲಿಂಗ್ ಚಮಚದ ಮೇಲೆ ಚಮಚ ನುಂಗಿ ಕೊನೆಗೆ ಕುರ್ಚಿಗೊರಗಿದಳು.

"ಈಗ ಸರಿಯಾಯ್ತು ಮಾರಾಯ. ನಾಳೆ ನಾನೂ ಉಪವಾಸ!"

ಸಂಜೆ ಮೂರು ಹಂಡೆ ಗಂಜಿಗೆ ಇಡೀ ಬೀದಿ ಬೆರಳು ಚೀಪಿತು. ನೋರ್ಲೈಲಾ ಹಿಗ್ಗಿ ಹೀರೇಕಾಯಿಯಾದರು.

"ಭೇಷ್ ಹೈಕಲ್! ಇಂಥಾ ಕೈ ಸಿಕ್ಕ ಮೇಲೆ ಬಿಡೋಕಾಗುತ್ತಾ? ಹಬ್ಬದ ದಿನ ಅನಾಥಾಲಯದಲ್ಲಿ ನಮ್ಮ ಬ್ಯಾಂಕಿಂದೇ ಊಟ. ಅಡುಗೆ ನಿಂದು."

"ಮತ್ತೆ ನನ್ನ ರಜೆ, ಮೇಡಂ?"

"ಅದನ್ನ ಆ ಮೂರು ಜನಕ್ಕೆ ಹಂಚಿದೆ. ಉಪ್ಪು ಸುರಿಯೋ ಕೈಗಳು ಒಲೆಯಿಂದ ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು."

ಹೈಕಲ್‌ನ ಊರಿನವಳೇ ಆದ ರೋಹಾನಾ ಅಕ್ಕ ಆಗಲೇ ಕೆಲಾಂತಾನಿಗೆ ಬಸ್ಸಿನ ಟಿಕೆಟ್ ತೆಗೆದಿದ್ದಳು.

"ನಿಮ್ಮಮ್ಮಂಗೆ ಏನಾದ್ರೂ ಹೇಳ್ಬೇಕೇನೋ?"

ಹೈಕಲ್ ಖಾಲಿ ಹಂಡೆ ಉಜ್ಜುತ್ತಾ ತಲೆಯೆತ್ತಿದ.

"ಮುಂದಿನ ವರ್ಷ ಖಂಡಿತ ಬರ್ತೀನಿ ಅಂತ ಹೇಳಕ್ಕ. ಆ ಸಲ ಉಪ್ಪೆಲ್ಲ ನಾನೊಬ್ಬನೇ ಸುರೀತೀನಿ."