ಚಿಕ್ಕಮ್ಮನ ಕಾಲವ ಪರೀಕ್ಷೆ

ನನ್ನ ಚಿಕ್ಕಮ್ಮ ಹುಟ್ಟಿದಾರಭ್ಯ ಮೀನು ತಿಂದವಳಲ್ಲ. ಮೊಟ್ಟೆ ಕಾಯಿಸಿದ ಬಾಣಲೆಯನ್ನು ಎಷ್ಟೇ ತಿಕ್ಕಿ ತೊಳೆದು ಒಗ್ಗರಣೆ ಹಾಕಿದರೂ ಅವಳಿಗೆ ಗೊತ್ತಾಗಿಬಿಡುತ್ತದೆ, ಊಟ ಬಿಟ್ಟು ಏಳುತ್ತಾಳೆ. ಅಂಥವಳು ಬೇಲಾಪುರದ ಮೀನುಪೇಟೆಗೆ ಕಾಲಿಟ್ಟರೆ ಮಾರುವ ಹೆಂಗಸರು ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದುಕೊಳ್ಳುತ್ತಾರೆ! ಇಡೀ ನವಿ ಮುಂಬಯಿಯಲ್ಲಿ ಕಾಲವ ಆರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಂಬುವುದಿಲ್ಲವೇ? ಅವಳ ಚೀಲ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುವ ಭಾಗ್ಯ ಬಾರದೆ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಾಲವ ಅಂದರೆ ಸಮುದ್ರ ಒಳನುಗ್ಗಿದ ಖಾಡಿಯ ಉಪ್ಪುನೀರಿನ ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಸಿಂಪಿ. ಹೊರಗಿನಿಂದ ನೋಡಿದರೆ ಒಡೆದ ಸಿಮೆಂಟಿನ ಚೂರು. ಒಳಗೆ ಮೆತ್ತಗಿನ ಮಾಂಸ, ಒಂದು ಗುಟುಕು ಸಮುದ್ರ. ಚಿಕ್ಕಪ್ಪನಿಗೆ ಅದೆಂದರೆ ಪ್ರಾಣ. ಆದರೆ ಆರಿಸುವ ವಿದ್ಯೆ ಅವರಿಗೆ ಒಲಿಯಲಿಲ್ಲ. ಮಾರುವವಳು ಸ್ವಲ್ಪ ನಕ್ಕು ಮಾತಾಡಿಸಿದರೆ ಸಾಕು, ಬುಟ್ಟಿ ಸಮೇತ ಹೊತ್ತುಕೊಂಡು ಬರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹಾಗೆ ತಂದು ತಿಂದು ಕಕ್ಕಸಿನಲ್ಲೇ ಸಂಸಾರ ಹೂಡಿದರಂತೆ! ಅಂದಿನಿಂದ ಕಾಲವ ಖರೀದಿಯ ಅಧಿಕಾರ ಚಿಕ್ಕಮ್ಮನ ಕೈಗೆ ಬಂತು.

ಅವಳ ಕ್ರಮವೇ ಬೇರೆ. ಸೆರಗಿನ ತುದಿಗೆ ಕರ್ಪೂರ ಕಟ್ಟಿ ಮೂಗಿಗೆ ಒತ್ತಿ ಹಿಡಿಯುತ್ತಾಳೆ. ವಾಸನೆ ನೋಡಿ ಆರಿಸುವ ದಾರಿ ಅಲ್ಲಿಗೇ ಬಂದ್. ಉಳಿದದ್ದು ಕಿವಿ. ಎರಡು ಸಿಂಪಿ ಎತ್ತಿ ಕಿವಿಯ ಹತ್ತಿರ ಒಂದಕ್ಕೊಂದು ತಟ್ಟುತ್ತಾಳೆ. ಕಲ್ಲಿಗೆ ಕಲ್ಲು ತಾಗಿದ ಹಾಗೆ ಗಟ್ಟಿ ಶಬ್ದ ಬಂದರೆ ಒಳಗೆ ಜೀವ ಉಂಟು. ಟೊಳ್ಳಾಗಿ ಕೇಳಿದರೆ ಹೋಯಿತು ಅಂತ ಲೆಕ್ಕ. ಸ್ವಲ್ಪ ಬಾಯಿ ಬಿಟ್ಟುಕೊಂಡದ್ದು ಸಿಕ್ಕಿದರೆ ಬೆರಳಲ್ಲಿ ಮೊಟಕುತ್ತಾಳೆ. ಜೀವ ಇರುವ ಸಿಂಪಿ ತಟ್ಟನೆ ಮುಚ್ಚಿಕೊಳ್ಳುತ್ತದೆ.

“ನೋಡು, ನಿನ್ನ ಚಿಕ್ಕಪ್ಪನಿಗಿಂತ ಇದಕ್ಕೆ ಬುದ್ಧಿ ಉಂಟು. ಒಂದು ಸಲ ಹೇಳಿದರೆ ಬಾಯಿ ಮುಚ್ಚುತ್ತದೆ!”

ಮಾರುವವಳು ಒಮ್ಮೆ ರೇಗಿ, “ಮಾವ್ಶಿ, ಏಕ್ ತರೀ ಖಾವೂನ್ ಬಘಾ!” ಅಂದಳು. ಒಂದಾದರೂ ತಿಂದು ನೋಡಿ ಮಾರಾಯ್ತಿ ಅಂತ. ಚಿಕ್ಕಮ್ಮ ತನ್ನ ಉಡುಪಿ ಮರಾಠಿಯಲ್ಲಿ ಕೊಟ್ಟ ಉತ್ತರದ ಸಾರಾಂಶ ಇಷ್ಟು: ಆಸೆ ಇದ್ದವರ ಕಣ್ಣಿಗೆ ಎಲ್ಲವೂ ತಾಜಾ ಕಾಣುತ್ತದೆ, ನನಗೆ ಆಸೆ ಇಲ್ಲ, ಹಾಗಾಗಿ ನನಗೆ ಟೋಪಿ ಹಾಕಲಿಕ್ಕೆ ನಿನ್ನಿಂದ ಆಗುವುದಿಲ್ಲ. ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ನಾವು ಮೋಸಹೋಗುವುದೆಲ್ಲ ಬೇಕು ಬೇಕು ಅನ್ನುವ ಕಡೆಯೇ ಅಲ್ಲವೇ? ಸೀರೆ ಅಂಗಡಿಯಲ್ಲಿ ನನ್ನ ಅನುಭವ ಹಾಗೆಯೇ.

ಇಂಥ ಜೋಡಿ ಹೇಗೆ ಕೂಡಿತು ಅಂತ ನೀವು ಕೇಳಬೇಕು. ಚಿಕ್ಕಮ್ಮನ ಅಪ್ಪಯ್ಯನದು ಡೊಂಬಿವಲಿಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು. ಬೇಲಾಪುರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಚಿಕ್ಕಪ್ಪ ಆಗ ಡೊಂಬಿವಲಿಯಲ್ಲಿ ರೂಮು ಮಾಡಿಕೊಂಡು ದಿನಾ ಅಲ್ಲಿ ಇಡ್ಲಿ ತಿನ್ನಲಿಕ್ಕೆ ಹೋಗುತ್ತಿದ್ದರು. ಅವರು ಬರುವುದು ಇಡ್ಲಿಗಲ್ಲ ಅಂತ ಗಲ್ಲಾದಲ್ಲಿ ಕೂತ ಹುಡುಗಿಗೆ ಬೇಗ ತಿಳಿಯಿತು, ಅವಳ ಅಪ್ಪಯ್ಯನಿಗೆ ತಡವಾಗಿ. ಕೂಗಾಟ ಎಲ್ಲ ಮುಗಿದ ಮೇಲೆ ಅಪ್ಪಯ್ಯ ಅಂದರಂತೆ, “ಹೋಗು. ವರ್ಷ ತುಂಬುವುದರೊಳಗೆ ನೀನು ಮೀನು ತಿನ್ನದಿದ್ದರೆ ಕೇಳು.”

“ಸಾಯುವವರೆಗೂ ತಿನ್ನುವುದಿಲ್ಲ ಅಪ್ಪಯ್ಯ. ನೋಡ್ತಾ ಇರಿ.”

ಅವರು ನೋಡುತ್ತಲೇ ಇದ್ದರು. ಪ್ರತಿ ದೀಪಾವಳಿಗೆ ಬಂದು, ನೀರು ಕೂಡ ಕುಡಿಯುವ ಮೊದಲೇ “ತಿಂದಿಯಾ?” ಅನ್ನುವರು. “ಇಲ್ಲ” ಅನ್ನುವಳು. ಆಮೇಲೆ ಕಾಫಿ. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು, ಚಿಕ್ಕಮ್ಮನ ಹಟ ಮಾತ್ರ ಹಾಗೇ ಉಳಿಯಿತು. ಇಲ್ಲದವರ ಜೊತೆ ಕಟ್ಟಿದ ಪಂಥ ಬಿಡುವುದು ಕಷ್ಟ. ಸೋತೆ ಅಂತ ಹೇಳೋಣ ಅಂದರೆ ಕೇಳಲಿಕ್ಕೆ ಅವರಿಲ್ಲ.

ಕೋಪರಖೈರಣೆಯ ಮನೆಯಲ್ಲಿ ಕಾಲವಕ್ಕೆ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಸೌಟು. ಅಡಿಗೆ ಮುಗಿಸಿ ತಲೆಗೆ ಸ್ನಾನ. ಒಂದು ಸಲ ಸೊಸೈಟಿಯ ಸೆಕ್ರೆಟರಿ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು. “ನಾವು ಶಾಕಾಹಾರಿಗಳು ಮೇಡಂ, ನಮಗೆ ಈ ವಾಸನೆ ತಡೆಯಲಿಕ್ಕೆ ಆಗುವುದಿಲ್ಲ.”

ಚಿಕ್ಕಮ್ಮ ಸೌಟು ಹಿಡಿದುಕೊಂಡೇ, “ನಾನೂ ಶಾಕಾಹಾರಿಯೇ! ಒಲೆ ಮುಂದೆ ನಿಂತವಳು ನಾನು. ನನಗಿಲ್ಲದ ತೊಂದರೆ ಎರಡು ಮಾಳಿಗೆ ಮೇಲಿನ ನಿಮಗೆಂತದು?” ಅಂದಳು. ಆ ಮನುಷ್ಯ ಇವತ್ತಿಗೂ ಲಿಫ್ಟಿನಲ್ಲಿ ಅವಳನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ.

ಅವಳ ಕಾಯಿದೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹೋಳಿಯದು. ಹೋಳಿ ಸುಟ್ಟಿತೋ, ಕಾಲವ ಬಂದ್. ಬಿಸಿಲು ಏರಿದ ಮೇಲೆ ಸಿಂಪಿ ಬೆಳಿಗ್ಗೆ ಇದ್ದ ಹಾಗೆ ಮಧ್ಯಾಹ್ನಕ್ಕೆ ಇರುವುದಿಲ್ಲ, ಕೆಡುತ್ತದೆ. ಚಿಕ್ಕಪ್ಪ ಪ್ರತಿ ವರ್ಷ ವಾದ ಹೂಡುವರು. “ಈ ಸಲ ಹೋಳಿ ಬೇಗ ಬಂದಿದೆ ಮಾರಾಯ್ತಿ, ಚಳಿ ಇನ್ನೂ ಹೋಗಿಲ್ಲ!” ಹೀಗೆನ್ನುವಾಗ ಅವರ ಬನಿಯನ್ ಬೆವರಿನಲ್ಲಿ ತೊಪ್ಪೆಯಾಗಿರುತ್ತಿತ್ತು.

ಈ ವರ್ಷ ಚಳಿಗಾಲದ ಕೊನೆಗೆ ಚಿಕ್ಕಪ್ಪನಿಗೆ ಹೃದಯದ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿ ಆಯಿತು, ಹಸಿವು ಮಾತ್ರ ಎಲ್ಲೋ ಹೋಯಿತು. ಗಂಜಿ ತಂದರೆ ಗೋಡೆ ಕಡೆ ತಿರುಗುವರು. ಇಡ್ಲಿ ಮುರಿದು ಬಾಯಿಗಿಟ್ಟರೆ ನುಂಗದೆ ಇಟ್ಟುಕೊಂಡು ಕೂರುವರು. ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. “ಹೀಗೆ ಊಟ ಬಿಟ್ಟರೆ ಚೇತರಿಸಿಕೊಳ್ಳುವುದಿಲ್ಲ. ಬಾಯಿಗೆ ಹಿಡಿಸಿದ್ದು ಕೊಡಿ. ಆದರೆ ಹೊಟ್ಟೆ ಕೆಡಬಾರದು, ಅದನ್ನು ಈ ಶರೀರ ತಾಳುವುದಿಲ್ಲ” ಅಂದರು ಡಾಕ್ಟರು.

ನಾನು ವಿಠ್ಠಲವಾಡಿಯಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಅವರನ್ನು ನೋಡಿಕೊಳ್ಳಲಿಕ್ಕೆ ಹೋಗಿದ್ದೆ. ಹೋಳಿ ಕಳೆದು ಆಗಲೇ ಸೆಕೆ ಶುರುವಾಗಿತ್ತು. ಮಧ್ಯಾಹ್ನ ಫ್ಯಾನ್ ನೋಡುತ್ತಾ ಮಲಗಿದ್ದ ಚಿಕ್ಕಪ್ಪ, “ಒಂದು ಕಾಲವ ಇದ್ದಿದ್ದರೆ ತಿನ್ನಬಹುದಿತ್ತು” ಅಂದರು. ಮರುಕ್ಷಣ ಅವರೇ, “ಹೋಳಿ ಆಯಿತಲ್ವಾ. ಬಿಡು” ಅಂದು ಕಣ್ಣು ಮುಚ್ಚಿದರು.

ಚಿಕ್ಕಮ್ಮ ಹೆದರಿದ್ದು ಆಗ. ಆಪರೇಷನ್ ದಿವಸ ಕೂಡ ಅವಳು ಹಾಗೆ ಹೆದರಿರಲಿಲ್ಲ. ಕಾಲವದ ವಿಷಯದಲ್ಲಿ ಜಗಳ ಆಡದ ಗಂಡನನ್ನು ಅವಳು ನೋಡಿಯೇ ಇರಲಿಲ್ಲವಲ್ಲ!

ಮರುದಿನ ಬೆಳಿಗ್ಗೆ ನಾವಿಬ್ಬರೂ ಬೇಲಾಪುರದಲ್ಲಿ. ಮೊದಲ ಬುಟ್ಟಿ ಬೇಡ, ಎರಡನೆಯದೂ ಬೇಡ. ತಟ್ಟುವುದು, ಕೇಳುವುದು, ಇಡುವುದು. ಕೊನೆಗೆ ಆಗಷ್ಟೇ ದಡಕ್ಕೆ ಬಂದ ದೋಣಿಯವರ ಹತ್ತಿರವೇ ಹೋದಳು. ಕಿವಿಯ ಹತ್ತಿರ ತಟ್ಟಿದ ಸಿಂಪಿಯನ್ನೇ ಮತ್ತೆ ಮತ್ತೆ ತಟ್ಟಿದಳು. ಆಮೇಲೆ ನಾನು ಎಂದೂ ಕಾಣದ್ದನ್ನು ಕಂಡೆ. ಕರ್ಪೂರದ ಸೆರಗು ಬಿಟ್ಟು ಒಂದೊಂದೇ ಸಿಂಪಿಯನ್ನು ಮೂಗಿಗೆ ಹಿಡಿದು ಮೂಸಿದಳು! ಕಣ್ಣಲ್ಲಿ ನೀರು ಬಂತು, ಓಕರಿಕೆ ಬಂತು, ಬಿಡಲಿಲ್ಲ. ಒಂದು ಬೊಗಸೆಯಷ್ಟು ಆರಿಸಿ, ಬರ್ಫದಲ್ಲಿ ಹುಗಿದು, ರಿಕ್ಷಾ ಹಿಡಿದು ಮನೆಗೆ ಬಂದೆವು.

ಚೆನ್ನಾಗಿ ಬೇಯಿಸಿ, ಕಾಯಿ ಮಸಾಲೆ ಹಾಕಿ ಸುಕ್ಕ ಮಾಡಿದಳು. ಬಾಣಲೆಯನ್ನೇ ಮಂಚದ ಹತ್ತಿರ ತಂದಿಟ್ಟಳು. ಚಿಕ್ಕಪ್ಪ ವಾಸನೆಗೇ ಎದ್ದು ಕೂತರು. ತಟ್ಟೆಗೆ ಬಡಿಸಿದವಳು ಅದನ್ನು ಅವರ ಕೈಗೆ ಕೊಡಲಿಲ್ಲ. ಸ್ಟೂಲು ಎಳೆದು ತಾನೇ ಕೂತಳು.

“ಅಪ್ಪಯ್ಯ, ನೀವೇ ಗೆದ್ದಿರಿ” ಅಂದಳು. ಒಂದು ಕಾಲವ ಎತ್ತಿ ಬಾಯಿಗೆ ಹಾಕಿಕೊಂಡಳು.

“ಎಂತ ಮಾಡಿದೆ ಮಾರಾಯ್ತಿ!” ಅಂದರು ಚಿಕ್ಕಪ್ಪ.

ಕಣ್ಣು ಗಟ್ಟಿ ಮುಚ್ಚಿ ಜಗಿದಳು, ನುಂಗಿದಳು. “ಕೆಟ್ಟದ್ದು ಬಂದಿದ್ದರೆ ನನಗೆ ಮೊದಲು ಗೊತ್ತಾಗಲಿ. ಅರ್ಧ ಗಂಟೆ ಕಾಯಿರಿ. ನನಗೇನೂ ಆಗದಿದ್ದರೆ ನೀವು ತಿನ್ನಿ.”

ಅರ್ಧ ಗಂಟೆಯಲ್ಲಿ ಅದೆಲ್ಲ ತಿಳಿಯುವುದಿಲ್ಲ ಚಿಕ್ಕಮ್ಮಾ ಅಂತ ನಾನು ಹೇಳಬೇಕಿತ್ತು. ಜೀವಮಾನದಲ್ಲಿ ಕಾಲವ ತಿನ್ನದವಳಿಗೆ ಒಳ್ಳೆಯದರ ರುಚಿ ಯಾವುದು, ಕೆಟ್ಟದರ ರುಚಿ ಯಾವುದು? ಆದರೆ ನಾನು ಅಳುತ್ತಿದ್ದೆ, ಅದರಲ್ಲಿ ಮುಚ್ಚಿಡುವುದೇನು?

“ಕಾಯುವುದು ಎಂತಕ್ಕೆ? ನಿನಗೆ ಆಗುವುದು ನನಗೂ ಆಗಲಿ” ಅಂದ ಚಿಕ್ಕಪ್ಪ ತಟ್ಟೆ ಕಸಿದುಕೊಂಡರು. ತಿಂದರು. ಮತ್ತೊಂದು ತಿಂದರು. ಎಷ್ಟೋ ದಿನಗಳ ಮೇಲೆ ಆ ದವಡೆ ಅಲುಗಾಡುವುದನ್ನು ನಾವಿಬ್ಬರೂ ನೋಡುತ್ತಾ ಕೂತೆವು.

ಚಿಕ್ಕಮ್ಮ ನಾಲಿಗೆಯಿಂದ ತುಟಿ ಸವರಿಕೊಂಡಳು. ಮುಖ ಸಣ್ಣದಾಯಿತು.

“ಇಷ್ಟು ಉಪ್ಪಾ! ಅಲಸಂಡೆ ಪಲ್ಯಕ್ಕೆ ಹಾಕುವಷ್ಟೇ ಹಾಕುವುದು ನಾನು. ಡಾಕ್ಟರು ಹೇಳಿದರು ಅಂತ ಇವತ್ತು ಅದರ ಅರ್ಧ ಹಾಕಿದ್ದು. ಸಿಂಪಿಯಲ್ಲೇ ಉಪ್ಪು ಇರ್ತದೆ ಅಂತ ನೀವು ಯಾಕೆ ಹೇಳಲಿಲ್ಲ? ಇಷ್ಟು ವರ್ಷ ಎಂತ ತಿಂದಿರಿ ನೀವು?”

“ನೀನು ಮಾಡಿದ್ದು” ಅಂದರು ಚಿಕ್ಕಪ್ಪ. ತಟ್ಟೆ ಮುಂದೆ ಚಾಚಿದರು. “ಇನ್ನೆರಡು ಹಾಕು.”