ಗುಡ್ಡದ ಹೊಲಕ್ಕೆ ಟ್ರಾಕ್ಟರ್ ಹತ್ತಿಸಿದ್ದು

ಹೊಸ ಟ್ರಾಕ್ಟರ್, ಕಡಿದಾದ ಹೊಲ, ಹೇಳಿದ್ದನ್ನು ಕೇಳದ ಯಜಮಾನ, ಇವು ಮೂರೂ ಒಂದೇ ಕಡೆ ಸೇರಿದರೆ ಏನಾದರೊಂದು ಆಗದೆ ದಿನ ಮುಗಿಯುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸೂರಿನ ಟ್ರಾಕ್ಟರ್ ಅಂಗಡಿಯೊಂದರಲ್ಲಿ ಡ್ರೈವರಾಗಿದ್ದೆ. ಟ್ರಾಕ್ಟರ್ ಕೊಂಡವರ ಊರಿಗೆ ಹೋಗಿ, ಅವರ ಮನೆಯಲ್ಲೇ ಇದ್ದು, ಓಡಿಸುವುದನ್ನು ಕಲಿಸಿ ಬರುವುದು ನನ್ನ ಕೆಲಸ. ಹೀಗೆ ತಳಿ ಎಂಬ ಪೇಟೆಯ ಕಡೆಯ ಒಂದು ಹಳ್ಳಿಗೆ ಹೋದಾಗ ನನಗೆ ಹೊಟ್ಟೆ ತುಂಬ ಮುದ್ದೆ ಸಿಕ್ಕಿತು, ತಲೆ ತುಂಬ ಬಿಸಿ ಏರಿತು.

ಟ್ರಾಕ್ಟರ್ ಕೊಂಡ ಯಜಮಾನರ ತಾಯಿಗೆ, ಎಂದರೆ ಆ ಮನೆಯ ಅಜ್ಜಿಗೆ, ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಟ್ರಾಕ್ಟರ್ ಗುಡ್ಡದ ಹೊಲಕ್ಕೆ ಹತ್ತಿ ಸುಖವಾಗಿ ಇಳಿದ ದಿನವೇ ಎತ್ತಿನ ಜೋಡಿಯನ್ನು ಮಾರಲು ಸಂತೆಗೆ ಹೊಡೆಯುವುದೆಂದು ಯಜಮಾನರು ತೀರ್ಮಾನ ಮಾಡಿಬಿಟ್ಟಿದ್ದರು. ಆ ಎತ್ತುಗಳನ್ನು ಕರುಗಳಾಗಿದ್ದಾಗಿನಿಂದ ಸಾಕಿದವಳು ಅಜ್ಜಿ. ಹಾಗಾಗಿ ನಾನು ಒಳ್ಳೆಯ ಮೇಷ್ಟ್ರಾದಷ್ಟೂ ಅವಳಿಗೆ ಸಂಕಟ.

ಕಿವಿ ಮಂದ

ಮೊದಲ ದಿನ ಯಜಮಾನರಿಗೆ ಕ್ಲಚ್ಚು, ಬ್ರೇಕು, ಗೇರು ಎಲ್ಲ ತೋರಿಸಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಮಾರನೆಯ ದಿನ ಕಣದ ಇಳಿಜಾರಿನಲ್ಲಿ ನಾನು ಕೆಳಗೆ ನಿಂತು ಅವರೊಬ್ಬರನ್ನೇ ಓಡಿಸಲು ಬಿಟ್ಟೆ. ಗಾಡಿ ಜೋರಾಗಿ ಇಳಿಯತೊಡಗಿದ ಕೂಡಲೇ ಅವರಿಗೆ ನನ್ನ ಪಾಠ ಮರೆತುಹೋಗಿ ಹುಟ್ಟಿದಾಗಿನಿಂದ ಎತ್ತಿನ ಗಾಡಿಯಲ್ಲಿ ಕಲಿತದ್ದು ನೆನಪಾಯಿತು. ಎರಡು ಕಾಲನ್ನೂ ಮುಂದಕ್ಕೆ ಚಾಚಿ, ಸ್ಟೇರಿಂಗನ್ನು ಹಗ್ಗದ ಹಾಗೆ ಎದೆಗೆ ಎಳೆದುಕೊಂಡು, "ಹೋ, ಹೋ, ಹೋ" ಎನ್ನುತ್ತಾ ಹೋದರು. ಟ್ರಾಕ್ಟರ್ ಹೋಗಿ ರಾಗಿ ಹುಲ್ಲಿನ ಮೆದೆಗೆ ನುಗ್ಗಿ, ಎಂಜಿನ್ ಆರಿ ನಿಂತಿತು.

ನಾನು ಓಡಿದೆ. ಮೈ ತುಂಬ ಹುಲ್ಲು ಅಂಟಿಸಿಕೊಂಡ ಯಜಮಾನರು ನಿಧಾನವಾಗಿ ಇಳಿದು, ಬಾನೆಟ್ಟನ್ನು ಸವರಿ ಹೇಳಿದರು.

"ಗಾಡಿ ಒಳ್ಳೇದೇ ಕಣ್ಲಾ. ಹೋ ಅಂದ್ರೆ ನಿಂತ್ಕತದೆ. ವಸಿ ಕಿವಿ ಮಂದ, ಅಷ್ಟೇಯ."

ನಿಂಬೆಹಣ್ಣಿನ ಬ್ರೇಕು

ಇಳಿಜಾರಿನಲ್ಲಿ ನಿಲ್ಲಿಸಿದರೆ ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಇದನ್ನು ನಾನು ಉಣ್ಣುವಾಗಲೂ ಹೇಳುತ್ತಿದ್ದೆ. ಹೊಸ ಗಾಡಿಯ ಪೂಜೆಗೆಂದು ಮುನೇಶ್ವರನ ಗುಡಿಯ ಮುಂದಿನ ಏರಿನಲ್ಲಿ ಗಾಡಿ ನಿಲ್ಲಿಸಿದಾಗ ನಾಲ್ಕು ಚಕ್ರಕ್ಕೂ ನಾನೇ ಕಲ್ಲು ಕೊಟ್ಟು, ಕೈಕಾಲು ತೊಳೆಯಲು ಹೋದೆ. ಅಷ್ಟರಲ್ಲಿ ಪೂಜಾರಿ, ನಿಂಬೆಹಣ್ಣು ಇಡುವ ಜಾಗದಲ್ಲಿ ಕಲ್ಲು ಇರಬಾರದು ಎಂದನಂತೆ. ಅಜ್ಜಿ ಬಹಳ ಸಂತೋಷದಿಂದ ಕಲ್ಲುಗಳನ್ನೆಲ್ಲ ಎತ್ತಿ ಎಸೆದು ನಿಂಬೆಹಣ್ಣು ಇಟ್ಟಳು. ಬ್ರೇಕಿನ ಪೆಡಲಿಗೆ ಕುಂಕುಮ ಇಡಬೇಕೆಂದು ಯಜಮಾನರು ಅದನ್ನೂ ಬಿಡಿಸಿದರು. ಕೊನೆಗೆ ಗೇರಿನ ಕಡ್ಡಿಗೆ ಹೂವು ಸುತ್ತುವಾಗ ಗೇರೂ ಜಾರಿತು.

ನಾನು ತಿರುಗಿ ನೋಡಿದರೆ ಟ್ರಾಕ್ಟರ್ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಹಿಮ್ಮುಖವಾಗಿ ಗುಡ್ಡ ಇಳಿಯುತ್ತಿದೆ. ಮಂಗಳಾರತಿ ಅರ್ಧಕ್ಕೆ ನಿಲ್ಲಬಾರದೆಂದು ಪೂಜಾರಿ ತಟ್ಟೆ ಹಿಡಿದು ಗಂಟೆ ಬಾರಿಸುತ್ತಾ ಅದರ ಹಿಂದೆಯೇ ಓಡುತ್ತಿದ್ದಾನೆ. ಪುಣ್ಯಕ್ಕೆ ಬೇಲಿಯ ಪೊದೆಗೆ ಸಿಕ್ಕಿ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಪೂಜಾರಿ ಊರವರಿಗೆಲ್ಲ ಕೈಮುಗಿದ.

"ಮುನೇಶ್ವರನೇ ಕುಂತ್ಕಂಡು ಓಡ್ಸವ್ನೆ. ಇನ್ನು ಈ ಡ್ರೈವರಪ್ಪ ಯಾತಕ್ಕೆ?"

ನಿಂತು ಬೀಸುವ ಕಲ್ಲು

ಹಿಂದೆ ನೇಗಿಲು ಕಟ್ಟಿಕೊಂಡು ಏರು ಹತ್ತುವಾಗ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ. ಮುಂದೆ ಭಾರ ಇಲ್ಲದಿದ್ದರೆ ಹಿಂದಕ್ಕೆ ಮಗುಚಿ ಪ್ರಾಣಕ್ಕೇ ಬರುತ್ತದೆ. ಮುಂದೆ ಏನಾದರೂ ಭಾರ ಕಟ್ಟಿಸಿ ಎಂದು ಹೇಳಿ ಮಲಗಿದೆ. ಬೆಳಿಗ್ಗೆ ನೋಡಿದರೆ ಯಜಮಾನರು ಮನೆಯ ಬೀಸುವ ಕಲ್ಲನ್ನು ತಂದು, ಹಲಗೆಯ ಮೇಲಿಟ್ಟು, ಗಾಡಿಯ ಮೂತಿಗೆ ಕಂಬಿಯಲ್ಲಿ ಬಿಗಿದಿದ್ದರು. ಯಜಮಾನರ ಹೆಂಡತಿ ರಾಗಿ ಮೊರ ಹಿಡಿದು ಬಂದಾಗ, ಇವತ್ತು ಗಂಡನಿಗೆ ಗ್ರಹಚಾರ ಕಾದಿದೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ.

ಆಯಮ್ಮ ಅಲ್ಲೇ ನಿಂತು ಬೀಸತೊಡಗಿದಳು. ಅವಳದು ಮುಗಿಯುವಷ್ಟರಲ್ಲಿ ಪಕ್ಕದ ಮನೆಯವಳು ಮೊರ ತಂದಳು. ಹೊತ್ತು ನೆತ್ತಿಗೆ ಬಂದರೂ ಗಾಡಿ ಹೊರಡಲಿಲ್ಲ. ಕಲ್ಲು ಬಿಚ್ಚಿ ಕೊಡುತ್ತೇನೆ, ಒಳಗೆ ಕೂತು ಬೀಸಿಕೊಳ್ಳಿ ಎಂದು ಯಜಮಾನರ ಹೆಂಡತಿಗೆ ಹೇಳಿದೆ.

"ಕಲ್ ಮುಟ್ಬ್ಯಾಡ ಕಣಪ್ಪ. ನಿಂತ್ಕಂಡ್ ಬೀಸಿದ್ರೆ ಸೊಂಟ ನೋಯಾಕಿಲ್ಲ. ಬೇಕಾದ್ರೆ ಟ್ರಾಕ್ಟ್ರು ಬಿಚ್ಕಂಡ್ ಹೋಗು."

ಎತ್ತಿನ ನಡಿಗೆ

ಕೊನೆಗೂ ಗುಡ್ಡದ ಹೊಲಕ್ಕೆ ಹತ್ತಿಸುವ ದಿನ ಬಂತು. ಹಿಂದಿನ ದಿನ ಯಜಮಾನರನ್ನು ಕೂರಿಸಿ ಕಡ್ಡಿ ಮುರಿದ ಹಾಗೆ ಹೇಳಿದೆ. ಹತ್ತುವಾಗಾಗಲಿ ಇಳಿಯುವಾಗಾಗಲಿ ಗಾಡಿ ಎತ್ತಿನ ನಡಿಗೆಯನ್ನು ಮೀರಕೂಡದು, ಮೀರಿದರೆ ಮಗುಚಿಕೊಳ್ಳುತ್ತದೆ ಎಂದೆ. ನನ್ನ ಮಾತಿಗೆ ಯಾವತ್ತೂ ಕಿವಿಗೊಡದ ಅಜ್ಜಿ ಅವತ್ತು ಹತ್ತಿರ ಬಂದು ಕೂತು, ಇನ್ನೊಂದು ಸಲ ಹೇಳು ಮಗ ಎಂದಳು. ಮಗನ ಎದುರಿಗೇ ಹೇಳಿಸಿದಳು. ಮುದುಕಿಗೆ ಬುದ್ಧಿ ಬಂತು ಎಂದು ನಾನು ಹಿಗ್ಗಿದೆ.

ಬೆಳಿಗ್ಗೆ ಹೊಸೂರಿಗೆ ಹೋಗಿ, ಗುಡ್ಡ ಹತ್ತುವ ಟ್ರಾಕ್ಟರಿನ ಫೋಟೋ ತೆಗೆಸಲು ಹಾತೊರೆಯುತ್ತಿದ್ದ ನಮ್ಮ ಮ್ಯಾನೇಜರನ್ನೂ ಫೋಟೋದವನನ್ನೂ ಜೀಪಿನಲ್ಲಿ ಕರೆತಂದೆ. ಊರು ದಾಟಿ ತಲೆಯೆತ್ತಿ ನೋಡಿದರೆ ಓಣಿಯಂಥ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಅಜ್ಜಿ, ಅವಳ ಹಿಂದೆ ಎತ್ತಿನ ಜೋಡಿ. ಎತ್ತಿನ ಬಾಲಕ್ಕೆ ತಾಗುವ ಹಾಗೆ ನಮ್ಮ ಟ್ರಾಕ್ಟರ್, ಅದರ ಮೂತಿಯಲ್ಲಿ ಬೀಸುವ ಕಲ್ಲು. ಮೇಲೆ ಕೂತ ಯಜಮಾನರ ಮುಖ ಹರಳೆಣ್ಣೆ ಕುಡಿದಂತಿತ್ತು. ಎತ್ತು ಸಗಣಿ ಹಾಕಲು ನಿಂತರೆ ಟ್ರಾಕ್ಟರೂ ನಿಲ್ಲುತ್ತಿತ್ತು.

"ಏನಯ್ಯಾ ಇದು? ನಮ್ಮ ಟ್ರಾಕ್ಟರನ್ನ ಎತ್ತು ಎಳೀತಾ ಇದಾವಾ?" ಎಂದರು ಮ್ಯಾನೇಜರ್.

ಅಜ್ಜಿ ಮೇಲಿನಿಂದಲೇ ಉತ್ತರ ಕೊಟ್ಟಳು. "ಎಳೀತಿಲ್ಲ ಸ್ವಾಮಿ. ಎತ್ತಿನ್ ನಡಿಗೆ ಮೀರ್ಬಾರ್ದು ಅಂತ ನಿಮ್ ಡ್ರೈವರಪ್ಪನೇ ಹೇಳವ್ನೆ. ಎತ್ತೇ ಮಾರ್ಬುಟ್ರೆ ಅದ್ರ ನಡಿಗೆ ಎಂಗಿತ್ತು ಅಂತ ಯಾರ್ನ ಕೇಳಾನ?"

ಯಜಮಾನರು ನನ್ನ ಮುಖ ನೋಡಿದರು, ನಾನು ಜೀಪಿನ ಚಕ್ರ ನೋಡಿದೆ. ಹೇಳಿದ್ದು ನಾನೇ, ಇಲ್ಲ ಎನ್ನುವಂತಿಲ್ಲ. ಗಾಡಿ ಹತ್ತಿತು, ಇಳಿಯಿತು, ಯಾರಿಗೂ ಒಂದು ಗೀರೂ ಆಗಲಿಲ್ಲ. ಎತ್ತುಗಳು ಸಂತೆಯ ದಾರಿ ತಪ್ಪಿಸಿಕೊಂಡು ಕೊಟ್ಟಿಗೆಗೆ ಹೋದವು. ನಿಜ ಹೇಳಬೇಕೆಂದರೆ ನನಗೂ ಬಹಳ ಖುಷಿಯಾಯಿತು. ರಾತ್ರಿ ಮುದ್ದೆಗೆ ಅಜ್ಜಿ ತಾನಾಗಿಯೇ ಬೆಣ್ಣೆ ಹಾಕಿದಳು.

ಫೋಟೋದವನು ಗುಡ್ಡ ಹತ್ತುವಾಗಲೇ ಆ ಮೆರವಣಿಗೆಯ ಪಟ ಹೊಡೆದುಬಿಟ್ಟಿದ್ದ. ಬೇರೆ ಪಟ ಇಲ್ಲದ್ದರಿಂದ ಮ್ಯಾನೇಜರ್ ಹಲ್ಲು ಕಚ್ಚಿಕೊಂಡು ಅದನ್ನೇ ಅಂಗಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದರು. ಒಂದು ದಿನ ಉದ್ದನಪಲ್ಲಿಯ ರೈತರೊಬ್ಬರು ಬಂದು ಟ್ರಾಕ್ಟರನ್ನೆಲ್ಲ ಮುಟ್ಟಿ ನೋಡಿ, ಒಪ್ಪಿ, ಆಮೇಲೆ ಆ ಪಟದ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಮ್ಯಾನೇಜರ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು.

"ಗಾಡಿ ಏನೋ ಚೆನ್ನಾಗೈತೆ ಸಾರ್. ಬೀಸೋಕಲ್ಲು ನಮ್ಮನೇಲೈತೆ. ಎತ್ತು ಮತ್ತೆ ಅಜ್ಜಿ ಕಂಪ್ನಿಯವ್ರೇ ಕೊಡ್ತಾರಾ?"