ಬ್ರೇಕ್ ಹಾಕಿ ಬ್ಯಾಟರಿ ತುಂಬಿಸಿದ ಮೇಷ್ಟ್ರು

ತಾವು ಕೊಂಡಿರುವುದು ಬರೀ ಕಾರಲ್ಲ, ಸಾಕ್ಷಾತ್ ಫಿಸಿಕ್ಸು ಎಂದು ಮೇಷ್ಟ್ರು ಮೊದಲ ದಿನವೇ ಸಾರಿಬಿಟ್ಟಿದ್ದರು. ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ತಲೆ ನರೆಸಿಕೊಂಡವರು ಹೈಬ್ರಿಡ್ ಕಾರನ್ನು ಬಿಟ್ಟು ಇನ್ನೇನು ಕೊಂಡಾರು? ಒಂದೇ ಹೊಟ್ಟೆಯೊಳಗೆ ಪೆಟ್ರೋಲ್ ಎಂಜಿನ್ನೂ ಉಂಟು, ಬ್ಯಾಟರಿಯ ಮೋಟಾರೂ ಉಂಟು. ಬ್ರೇಕ್ ಒತ್ತಿದಾಗ ಸುಮ್ಮನೆ ಹಾಳಾಗಿ ಹೋಗುವ ಶಕ್ತಿ ಮರಳಿ ಬ್ಯಾಟರಿ ಸೇರುತ್ತದೆ! ಈ ಸಂಗತಿಯನ್ನು ಅವರು ಮೇಲಿನ ಮನೆಯವರಿಗೆ ಹೇಳಿದರು, ಕ್ಷೌರದವನಿಗೆ ಹೇಳಿದರು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಹೇಳಿದರು.

ತಕರಾರು ತೆಗೆದವನು ಭಾಮೈದ. ಟೈರಿನ ವ್ಯಾಪಾರಿ, ಓಡಿಸುವುದು ಡೀಸೆಲ್ ಕಾರು, ಗಂಟಲಂತೂ ಲಾರಿಯದು. ಫೋನಿನಲ್ಲೇ ನಕ್ಕುಬಿಟ್ಟ.

"ಭಾವ, ನಿಮ್ಮ ಹೈಬ್ರಿಡ್ಡು ಊರೊಳಗೆ ಸುತ್ತೋಕೆ ಸರಿ. ಹೈವೇಲಿ ಯಾರು ಬ್ರೇಕ್ ಹಾಕ್ತಾರೆ? ಬ್ಯಾಟರಿ ಎಲ್ಲಿಂದ ತುಂಬುತ್ತೆ? ಲೀಟರಿಗೆ ಇಪ್ಪತ್ತು ದಾಟಿಸಿ ನೋಡೋಣ."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹೇಗೂ ಅಷ್ಟು ದೂರ ಹೈವೇಯಲ್ಲಿ ಹೋಗಬೇಕಿತ್ತು. ಅಲ್ಲೇ ಪಂದ್ಯ ಕಟ್ಟಿದರು. ಸೋತವನು ಊಟಕ್ಕೆ ಕೂತ ನೆಂಟರೆಲ್ಲರ ಎದುರು ಎದ್ದು ನಿಂತು, "ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ" ಎನ್ನಬೇಕು. ಪಾಠ ಹೇಳುವುದೇ ಕಸುಬಾದವರಿಗೆ ಇದಕ್ಕಿಂತ ಘೋರ ಶಿಕ್ಷೆ ಬೇಕೆ?

ಹೆಂಡತಿಗೆ ಪಂದ್ಯದ ಗೊಡವೆಯಿಲ್ಲ. ಅವಳ ಜೀವವೆಲ್ಲ ಕೇಕಿನಲ್ಲಿತ್ತು. ಅಮ್ಮನಿಗೆಂದು ತಾನೇ ಕೂತು ಮೂರು ಅಂತಸ್ತಿನ ಕೇಕು ಮಾಡಿದ್ದಳು. ಅದನ್ನು ಹಸುಗೂಸಿನಂತೆ ಎತ್ತಿ ತಂದು ಹಿಂದಿನ ಸೀಟಿನಲ್ಲಿಟ್ಟು, ತಾನೂ ಅದರ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಮೆತ್ತಗೆ ಓಡಿಸಬೇಕೆಂದು ತಾಕೀತು ಮಾಡಿದಳು. ಮೇಷ್ಟ್ರು ಧಾರಾಳವಾಗಿ ತಲೆಯಾಡಿಸಿದರು.

ಊರು ದಾಟಿ ಹೈವೇ ಸಿಕ್ಕಿತು. ಕನ್ನಡಿಯಂಥ ರಸ್ತೆ, ಮುಂದೆ ಒಂದು ಗಾಡಿಯೂ ಇಲ್ಲ. ಯಾರಿಗಾದರೂ ಖುಷಿಯಾಗಬೇಕು, ಮೇಷ್ಟ್ರಿಗೆ ಕಳವಳ ಶುರುವಾಯಿತು. ಬ್ರೇಕ್ ಹಾಕಲು ಕಾರಣವೇ ಇಲ್ಲವಲ್ಲ! ಭಾಮೈದನ ಮಾತೇ ನಿಜವಾಗಿಬಿಟ್ಟರೆ? ಆಗ ಅವರ ತಲೆಯಲ್ಲಿ ಮಿಂಚು ಹೊಳೆಯಿತು. ಕಾರಣ ಇಲ್ಲದಿದ್ದರೆ ಏನಂತೆ, ಬ್ರೇಕು ಇದೆಯಲ್ಲ.

ಕಾರನ್ನು ಭರ್‍ರನೆ ಓಡಿಸಿ ಗಕ್ಕನೆ ಬ್ರೇಕ್ ಒತ್ತಿದರು. ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಹಸಿರು ಬಾಣವೊಂದು ಚಕ್ರದಿಂದ ಬ್ಯಾಟರಿಯತ್ತ ಹರಿಯಿತು. ಮೇಷ್ಟ್ರಿಗೆ ರೋಮಾಂಚನ. ಮತ್ತೆ ಓಡಿಸಿದರು, ಮತ್ತೆ ಒತ್ತಿದರು. ಓಡಿಸಿದಾಗ ಹೆಂಡತಿಯ ತಲೆ ಹಿಂದಕ್ಕೆ, ಒತ್ತಿದಾಗ ಮುಂದಕ್ಕೆ.

"ರೀ, ಏನಾಗಿದೆ ನಿಮಗೆ? ನಾಯಿ ಅಡ್ಡ ಬಂತಾ?"

"ಇಲ್ಲ ಕಣೇ, ಚಾರ್ಜ್ ಮಾಡ್ತಿದ್ದೀನಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಕಿನ ಪೆಟ್ಟಿಗೆಯನ್ನು ಅಪ್ಪಿಕೊಂಡಳು. ಹಿಂದೆ ಬಂದ ಲಾರಿಯವನು ಪಕ್ಕಕ್ಕೆ ಬಂದು, ಮೇಷ್ಟ್ರ ವಂಶದವರನ್ನೆಲ್ಲ ನೆನೆದು ಮುಂದೆ ಹೋದ. ಪರದೆಯ ಮೇಲಿನ ಮೈಲೇಜು ಏರುವ ಬದಲು ಇಳಿಯುತ್ತಾ ಹದಿನಾಲ್ಕಕ್ಕೆ ಬಂತು. ಬ್ರೇಕ್ ಸಾಲದಾಯಿತೆಂದು ಮೇಷ್ಟ್ರು ತೀರ್ಮಾನಿಸಿದರು. ಅಷ್ಟರಲ್ಲಿ ದೂರದಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಕೊನೆಗೂ ಒಂದು ಕಾರಣ ಸಿಕ್ಕಿತು! ಮೇಷ್ಟ್ರು ಜೀವಮಾನದ ಬ್ರೇಕ್ ಹಾಕಿದರು. ಪೆಟ್ಟಿಗೆಯ ಮುಚ್ಚಳ ಹಾರಿತು, ಕೇಕಿನ ಮೇಲಿನಂತಸ್ತು ಬಂದು ಅವರ ಕತ್ತಿನ ಹಿಂಭಾಗದಲ್ಲಿ ವಿರಾಜಮಾನವಾಯಿತು.

ಪೊಲೀಸಿನವನು ಯಂತ್ರವನ್ನು ಬಾಯಿಗೆ ಹಿಡಿದು ಊದಲು ಹೇಳಿದ. ಕುಡಿದಿರಲಿಲ್ಲ. ಹಾಗಾದರೆ ಖಾಲಿ ರಸ್ತೆಯಲ್ಲಿ ಯಾಕೆ ಹಾಗೆ ಬ್ರೇಕ್ ಹಾಕಿದಿರಿ ಎಂದು ಕೇಳಿದ. ಮೇಷ್ಟ್ರು ಚಲನ ಶಕ್ತಿಯಿಂದ ಆರಂಭಿಸಿ ಸಾವಕಾಶವಾಗಿ ವಿವರಿಸಿದರು. ಅವನು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಸಲ ಊದಿಸಿದ.

ಹೆಂಡತಿ ಇಳಿದು ಬಂದು ಮುಂದಿನ ಬಾಗಿಲು ತೆರೆದಳು. ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು.

"ಇಳೀರಿ. ಹಿಂದೆ ಕೂತು ಕೇಕ್ ಹಿಡ್ಕೊಳ್ಳಿ."

ಪ್ರಯಾಣದ ಮುಕ್ಕಾಲು ಪಾಲು ಇನ್ನೂ ಬಾಕಿಯಿತ್ತು. ಅವಳು ಒಂದೇ ಹದದಲ್ಲಿ, ಹಾಲು ಕಾಯಿಸುವವಳ ನಿಗಾದಲ್ಲಿ ಓಡಿಸಿದಳು. ಏಸಿಯೂ ಹಾಕಿದಳು. ಉಳಿದೆರಡು ಅಂತಸ್ತನ್ನು ತೊಡೆಯ ಮೇಲಿಟ್ಟುಕೊಂಡ ಮೇಷ್ಟ್ರು ಮಾನ ಹೋಯಿತೆಂದು ಕಣ್ಣು ಮುಚ್ಚಿದರು. ನೆಂಟರೆಲ್ಲರ ಮುಂದೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದರು.

ಅತ್ತೆ ಮನೆಯ ಅಂಗಳದಲ್ಲಿ ಭಾಮೈದ ಕಾದು ನಿಂತಿದ್ದ. ನೇರ ಕಾರಿನೊಳಗೆ ತಲೆ ತೂರಿಸಿ ಪರದೆ ನೋಡಿದ. ಮುಖ ಇಳಿಯಿತು. ಇಪ್ಪತ್ತೊಂದು!

ಊಟದ ಹೊತ್ತಿಗೆ ಭಾಮೈದ ಎದ್ದು, ತನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲವೆಂದು ಗೊಣಗಿ ಕೂತ. ಮೇಷ್ಟ್ರಿಗೆ ಜೀವ ಬಂತು. ಕತ್ತಿನ ಕ್ರೀಮನ್ನೂ ಮರೆತು ಎದ್ದು ನಿಂತು, ದೂರದ ಪ್ರಯಾಣಕ್ಕೆ ಹೈಬ್ರಿಡ್ ಎಷ್ಟು ಯೋಗ್ಯವೆಂದು ಭಾಷಣ ಶುರುಮಾಡಿದರು. ಹೆಂಡತಿ ತಟ್ಟೆ ನೋಡುತ್ತಾ ನಗು ತಡೆದುಕೊಂಡಿದ್ದಳು. ಮಗಳಿಂದ ಆಗಲೇ ಎಲ್ಲ ಕೇಳಿ ತಿಳಿದಿದ್ದ ಅತ್ತೆ, ಎರಡೇ ಅಂತಸ್ತಿನ ಕೇಕು ಕತ್ತರಿಸುತ್ತಾ ಕೇಳಿದರು:

"ಅಳಿಯಂದಿರೇ, ಮೈಲೇಜು ಏರಿದ್ದು ನೀವು ಹಿಂದಿನ ಸೀಟಲ್ಲಿ ಕೂತ ಮೇಲೆ ತಾನೆ?"

ಮೇಷ್ಟ್ರು ಎಷ್ಟೇ ಆದರೂ ವಿಜ್ಞಾನದವರು, ಸುಳ್ಳು ಹೇಳಲಾರರು. ಹೌದೆಂದು ತಲೆಯಾಡಿಸಿದರು.

"ಹಾಗಿದ್ರೆ ವಾಪಸ್ ಹೋಗುವಾಗಲೂ ಅಲ್ಲೇ ಕೂತು ಗೆಲ್ಲಿ," ಎಂದು ಅತ್ತೆ ಅವರ ತಟ್ಟೆಗೆ ಕೇಕಿನ ಸಣ್ಣ ತುಂಡೊಂದನ್ನು ಹಾಕಿದರು. "ನಿಮ್ಮ ಪಾಲು ದಾರೀಲೇ ಆಗಿದೆಯಂತೆ."